ಅಕ್ಕನ ಅಡಿಗಲ್ಲು

ಫೆಬ್ರವರಿ 4, ಭಾನುವಾರ

ಬಹಳ ದಿನಗಳ ಮೇಲೆ ಮನಸ್ಸಿಗೆ ಒಪ್ಪುವಂಥ ಕೆಲಸವೊಂದನ್ನು ಮಾಡಿದೆ. ಬರೆದಿಡೋಣ ಅನ್ನಿಸಿತು.

ಅಕ್ಕನ ಕುಲುಮೆಯ ಅಡಿಗಲ್ಲು ಹೆಸರಿಗೆ ಕಲ್ಲು, ಇರುವುದು ಅರವತ್ತು ಕಿಲೋ ಕಬ್ಬಿಣ. ಕೆಂಪಗೆ ಕಾಯಿಸಿದ ಉಳಿಯನ್ನು ಅದರ ಮೇಲಿಟ್ಟೇ ಅವಳು ಬಡಿಯುವುದು. ಬಡಿದು ಬಡಿದು ಅದರ ಮೇಲ್ಮೈ ನಡುವೆ ಒಳಕ್ಕೆ ಹೋಗಿತ್ತು. ಪಟ್ಟಿ ಅಡ್ಡ ಇಟ್ಟು ಅಳೆದರೆ ಏಳು ಮಿಲಿಮೀಟರ್ ತಗ್ಗು. ಅಂಚುಗಳೆಲ್ಲ ಇಲಿ ಕಡಿದ ಹಾಗೆ. ಭಾವ ಬದುಕಿದ್ದಾಗಿನಿಂದಲೂ ಅದು ಕಣ್ಣಿಗೆ ಬಿದ್ದಾಗಲೆಲ್ಲ ನನಗೆ ಹಲ್ಲಿನ ಸಂದಿಯಲ್ಲಿ ಏನೋ ಸಿಕ್ಕಿಕೊಂಡ ಹಾಗಾಗುತ್ತಿತ್ತು. ಭಾವ ಹೋಗಿ ಆರು ವರ್ಷ. ಅಕ್ಕ ಒಬ್ಬಳೇ ಕುಲುಮೆ ನಡೆಸುತ್ತಿದ್ದಾಳೆ. ಕಲ್ಲು ಕೆಲಸದವರೆಲ್ಲ ಮೊಂಡಾದ ಉಳಿ ತಂದು ಕೊಡುವುದು ಇವತ್ತಿಗೂ ಅವಳ ಕೈಗೇ.

ಈ ವಾರ ಅವಳು ಮಗಳ ಮನೆಗೆ ಹೋಗಿದ್ದಾಳೆ. ಬೀಗದಕೈ ನನ್ನ ಹತ್ತಿರ ಇತ್ತು. ಭಾನುವಾರ ನಮ್ಮ ಕಾರ್ಖಾನೆಯ ಮಷೀನುಗಳು ಖಾಲಿ. ಸೂಪರ್‌ವೈಸರ್ ಕಿವಿಗೆ ಒಂದು ಮಾತು ಹಾಕಿ, ಅಡಿಗಲ್ಲನ್ನು ಟೆಂಪೋದಲ್ಲಿ ತಂದು ನನ್ನ ಮಿಲ್ಲಿಂಗ್ ಮಷೀನಿನ ಮೇಜಿಗೆ ಬಿಗಿದೆ.

ಮೊದಮೊದಲು ಬಹಳ ಸತಾಯಿಸಿತು. ಎಷ್ಟು ಗಟ್ಟಿ ಎಂದರೆ ಮೂರು ಟೂಲುಗಳ ತುದಿ ಹಾರಿಹೋದವು. ಅರ್ಧರ್ಧ ಮಿಲಿಮೀಟರಿನಂತೆ ಕೆತ್ತುತ್ತಾ ಇಳಿದೆ. ಏಳು ಮುಗಿದರೂ ಮೂಲೆಯಲ್ಲಿ ಒಂದು ಕಚ್ಚು ಉಳಿದಿತ್ತು. ಇನ್ನೂ ಎರಡು ತೆಗೆದೆ. ಆ ಕೊನೆಯ ಸುತ್ತುಗಳು ಮಾತ್ರ ಬೆಣ್ಣೆ ಕೊಯ್ದ ಹಾಗೆ ಹೋದವು. ಅಂತೂ ನನ್ನ ಮಾತು ಕೇಳಿತು ಅಂದುಕೊಂಡೆ. ಈಗ ಈ ತುದಿಯಿಂದ ಆ ತುದಿಗೆ ವ್ಯತ್ಯಾಸ ಎರಡು ಶತಾಂಶ ಮಿಲಿಮೀಟರ್, ಅಷ್ಟೇ. ಬಗ್ಗಿದರೆ ಮುಖ ಕಾಣುತ್ತದೆ.

ಅಳತೆಯಲ್ಲಿ ಒಂದು ಪಾಯಿಂಟೂ ಬಿಡದವನೆಂದು ಬೆನ್ನ ಹಿಂದೆ ಎಲ್ಲರೂ ನನ್ನನ್ನು ಪಾಯಿಂಟಪ್ಪ ಅನ್ನುತ್ತಾರೆ ಎಂದು ನನಗೆ ಗೊತ್ತು. ಅನ್ನಲಿ. ಇಂಥ ಕೆಲಸವನ್ನು ಮಾಡಿ ತೋರಿಸಲಿ ಅವರು.

ಫೆಬ್ರವರಿ 8, ಗುರುವಾರ

ಅಕ್ಕ ನಿನ್ನೆ ಬಂದಳು. ಇವತ್ತು ಶಿಫ್ಟಿಗೆ ಮೊದಲು ಕುಲುಮೆಗೆ ಹೋದೆ. ಹೊಗಳಿಸಿಕೊಳ್ಳಲೆಂದೇ ಹೋದೆ, ಸುಳ್ಳು ಯಾಕೆ ಬರೆಯಲಿ.

ಅವಳು ಅಡಿಗಲ್ಲಿನ ಮೇಲೆ ಅಂಗೈ ಇಟ್ಟು ನಿಂತಿದ್ದಳು. ಬೆಂಕಿಯಲ್ಲಿದ್ದ ಉಳಿಯನ್ನು ಇಕ್ಕಳದಲ್ಲಿ ಹಿಡಿದು ತಂದು ನಾಲ್ಕು ಏಟು ಹಾಕಿದಳು. ಆಮೇಲೆ ಉಳಿಯನ್ನು ಪಕ್ಕಕ್ಕಿಟ್ಟು, ನೋಡು ಎಂಬಂತೆ ಸರಿದು ನಿಂತಳು. ನಾಲ್ಕು ಏಟಿಗೆ ನಾಲ್ಕು ಕುಳಿ. ಹಿಟ್ಟಿನ ಮುದ್ದೆಗೆ ಬೆರಳೊತ್ತಿದ ಹಾಗೆ.

ಅಡಿಗಲ್ಲಿಗೆ ಮೇಲೆ ಮಾತ್ರ ಅರ್ಧ ಬೆರಳಗಲದ ಉಕ್ಕಿನ ಪದರ ಇರುತ್ತದೆ, ಕೆಳಗಿನದೆಲ್ಲ ಮೆದು ಕಬ್ಬಿಣ. ಅಷ್ಟು ವರ್ಷ ಸವೆದು ಉಳಿದಿದ್ದ ಪದರವನ್ನು ನಾನು ಪೂರ್ತಿ ಕೆತ್ತಿ ತೆಗೆದುಬಿಟ್ಟಿದ್ದೆ. ಬೆಣ್ಣೆ ಕೊಯ್ದ ಹಾಗೆ ಯಾಕೆ ಹೋಯಿತು ಎಂದು ಈಗ ಗೊತ್ತಾಯಿತು. ಮೂವತ್ತು ವರ್ಷ ಲೋಹ ಕೆತ್ತಿದವನಿಗೆ ಆ ಹೊತ್ತಿನಲ್ಲೇ ಗೊತ್ತಾಗಬೇಕಿತ್ತು.

"ಬನ್ನಿ, ಕೂತ್ಕೊಳ್ಳಿ. ಟೀ ಕುಡೀತೀರಾ?" ಅಂದಳು ಅಕ್ಕ.

ನಾನು ಹುಟ್ಟಿದ ದಿನದಿಂದ ಬಾರೋ ಹೋಗೋ ಅಂದವಳು. ಶಿಫ್ಟಿಗೆ ಹೊತ್ತಾಯಿತು ಎಂದು ಹೊರಟುಬಂದೆ. ಒಂದು ಮಾತು ಕೇಳಿ ಕೈಹಾಕಬಹುದಿತ್ತು, ನಿಜ. ಆದರೆ ಪದರ ಅಷ್ಟು ತೆಳ್ಳಗಿದೆ ಎಂದು ಅವಳಾದರೂ ಯಾವಾಗ ಹೇಳಿದ್ದಳು?

ಫೆಬ್ರವರಿ 11, ಭಾನುವಾರ

ಅಕ್ಕ ಕುಲುಮೆ ಮುಚ್ಚುತ್ತಾಳಂತೆ. ನನಗೆ ಹೇಳಲಿಲ್ಲ, ನನ್ನ ಹೆಂಡತಿಗೆ ಹೇಳಿದ್ದಾಳೆ. ಪಕ್ಕದ ಟಯರ್ ಅಂಗಡಿಯವನು ಆ ಜಾಗದ ಮೇಲೆ ಎರಡು ವರ್ಷದಿಂದ ಕಣ್ಣಿಟ್ಟಿದ್ದಾನೆ. ಮಾರ್ಚ್ ಮೂವತ್ತೊಂದಕ್ಕೆ ಒಂದು ಮಾತು ಹೇಳುತ್ತೇನೆ ಅಂದಿದ್ದಾಳಂತೆ. ಅಲ್ಲಿಂದ ಮಗಳ ಮನೆ. ಮಗಳ ಮನೆಯಲ್ಲಿ ಅಕ್ಕ ಎಷ್ಟು ದಿನ ಇರಬಲ್ಲಳು ಎಂದು ನನಗೆ ಗೊತ್ತು. ನಾಲ್ಕನೇ ದಿನಕ್ಕೆ ಕೈ ತುರಿಸಿ, ಅವರ ಅಡುಗೆಮನೆಯ ಚಾಕುಗಳನ್ನೆಲ್ಲ ಮಸೆಯಲು ಕೂರುತ್ತಾಳೆ. ಐದನೇ ದಿನ ಮಸೆಯಲು ಏನೂ ಉಳಿದಿರುವುದಿಲ್ಲ.

"ಹೋಗಿ ಮಾತಾಡಿದ್ರಾ?" ಅಂದಳು ಹೆಂಡತಿ.

"ಮಾತಲ್ಲೇನಿದೆ. ಹೊಸದು ಮಾಡ್ಕೊಡ್ತೀನಿ."

"ಅಂಗಡೀಲಿ ಸಿಗಲ್ವಾ?"

"ಸಿಗೋದು ಎರಕದ್ದು. ವರ್ಷಕ್ಕೆಲ್ಲ ಅಂಚು ಉದುರುತ್ತೆ. ನಾನು ಮಾಡೋದು ಮೊಮ್ಮಕ್ಕಳ ಕಾಲದವರೆಗೂ ಇರುತ್ತೆ."

"ಮೊಮ್ಮಕ್ಕಳ ವಿಚಾರ ಬಿಡಿ. ಈಗಿರೋರ ವಿಚಾರ ನೋಡಿ," ಎಂದು ಒಳಗೆ ಹೋದಳು. ಅವಳಿಗೆ ಎಲ್ಲದಕ್ಕೂ ಒಂದು ಕೊಕ್ಕೆ ಇರಲೇಬೇಕು.

ಫೆಬ್ರವರಿ 14, ಬುಧವಾರ

ನಕ್ಷೆ ಮುಗಿಯಿತು. ಒಡಲು ನೂರು ಮಿಲಿಮೀಟರ್ ದಪ್ಪ. ಮೇಲೆ ನಲವತ್ತರ ಉಕ್ಕಿನ ಪಟ್ಟಿ, ಉದ್ದ ನಾನೂರು. ಒಂದು ತುದಿಗೆ ಶಂಕುವಿನಾಕಾರದ ಕೊಂಬು, ಬಳೆ ಬಗ್ಗಿಸಲು. ಇನ್ನೊಂದು ತುದಿಯಲ್ಲಿ ಇಪ್ಪತ್ತೈದರ ಚೌಕ ತೂತು, ಬೇರೆ ಉಪಕರಣ ಸಿಕ್ಕಿಸಲು. ಮೂರು ಕಡೆಯಿಂದ ಬರೆದೆ, ಅಳತೆ ಹಾಕಿದೆ, ಶಾಯಿಯಲ್ಲಿ ತಿದ್ದಿದೆ. ಒಂದು ಗೆರೆ ಕೂದಲೆಳೆಯಷ್ಟು ಓರೆಯಾಗಿತ್ತು. ಇಡೀ ಹಾಳೆಯನ್ನು ಮತ್ತೆ ಬರೆದೆ.

ಕಾರ್ಖಾನೆಯಲ್ಲಿ ಜೊತೆಯವನು ಕೆಲಸ ಬಿಟ್ಟು ಹೋದಾಗಿನಿಂದ ಎರಡು ಮಷೀನ್ ನನ್ನ ತಲೆಗೇ. ಸಂಜೆಯಾದರೆ ಸೊಂಟ ನನ್ನದೋ ಬೇರೆಯವರದೋ ಗೊತ್ತಾಗುವುದಿಲ್ಲ. ಅಡಿಗಲ್ಲಿನ ಕೆಲಸಕ್ಕೆ ಬೆಳಗ್ಗೆ ಐದೂವರೆಯಿಂದ ಏಳೂವರೆ, ಮತ್ತೆ ಭಾನುವಾರಗಳು. ಅಷ್ಟು ಸಿಕ್ಕಿದರೆ ಸಾಕು. ನಕ್ಷೆ ನೋಡಿದರೆ ಅಕ್ಕ ಏನಾದರೂ ಅಂದಾಳು ಎಂದು ಕೊಂಡುಹೋಗಿದ್ದೆ. ಕೈ ಒರೆಸಿಕೊಂಡು ನೋಡಿ, "ಚೆನ್ನಾಗಿ ಬರ್ದಿದೀರ," ಎಂದು ವಾಪಸ್ ಕೊಟ್ಟಳು.

ಫೆಬ್ರವರಿ 18, ಭಾನುವಾರ

ಗುಜರಿ ಅಂಗಡಿಯಲ್ಲಿ ಅರ್ಧ ದಿನ. ಒಡೆದ ಪ್ರೆಸ್ಸಿನ ಪೀಠದ ತುಂಡು ಒಡಲಿಗೆ ಸಿಕ್ಕಿತು. ಕೊಂಬಿಗೆ ಲಾರಿಯ ಆಕ್ಸಲ್. ಮೇಲಿನ ಪಟ್ಟಿಗೆ ಏನೂ ಸರಿಹೋಗದೆ ಅಲೆದು ಅಲೆದು, ಕೊನೆಗೆ ಫೋರ್ಕ್‌ಲಿಫ್ಟಿನ ಮುರಿದ ಫೋರ್ಕ್ ಒಂದು ಕಣ್ಣಿಗೆ ಬಿತ್ತು. ಅರ ಉಜ್ಜಿದರೆ ಕಷ್ಟಪಟ್ಟು ಕಚ್ಚುತ್ತದೆ, ಒಳ್ಳೆಯ ಉಕ್ಕು. ಯಾವ ಜಾತಿಯ ಉಕ್ಕು ಎಂದು ಮಾತ್ರ ಎಲ್ಲೂ ಬರೆದಿಲ್ಲ.

ದಾರಿಯಲ್ಲಿ ಅಕ್ಕನ ಕುಲುಮೆ ಸಿಗುತ್ತದೆ. ಬಾಗಿಲು ತೆರೆದಿತ್ತು. ರೈಲು ಕಂಬಿಯ ತುಂಡೊಂದನ್ನು ನೆಲಕ್ಕೆ ಹೂತು ಅದರ ಮೇಲೆ ಉಳಿ ತಟ್ಟುತ್ತಿದ್ದಳು. ಪ್ರತಿ ಏಟಿಗೂ ಕಂಬಿ ಅಲುಗುತ್ತಿತ್ತು. ಟೆಂಪೋದವನಿಗೆ ನಿಲ್ಲಿಸಬೇಡ ಅಂದೆ.

ಫೆಬ್ರವರಿ 25, ಭಾನುವಾರ

ಕೊಂಬು ಲೇತಿನ ಮೇಲೆ ಮುಗಿಯಿತು. ಆಕ್ಸಲಿನ ಸಿಪ್ಪೆ ನೀಲಿ ಸುರುಳಿಯಾಗಿ ಬರುತ್ತಿತ್ತು. ಓರೆ ಇಡೀ ಉದ್ದಕ್ಕೂ ಒಂದೇ ಸಮ. ಎರಡು ಸಲ ಅಳೆದೆ, ಮೂರನೇ ಸಲ ಸುಮ್ಮನೆ ಖುಷಿಗೆ ಅಳೆದೆ.

ಫೆಬ್ರವರಿ 28, ಬುಧವಾರ

ಚೌಕ ತೂತು. ದುಂಡಗೆ ಕೊರೆದು, ಅರದಲ್ಲಿ ಉಜ್ಜಿ ಉಜ್ಜಿ ನಾಲ್ಕು ಮೂಲೆ ತೆಗೆಯಬೇಕು. ಮೂರು ಬೆಳಗ್ಗೆ ಹೋಯಿತು. ಮೈಯೆಲ್ಲ ಹಣ್ಣಾಗಿದೆ. ಬೇರೆ ಬರೆಯುವುದು ಏನೂ ಇಲ್ಲ.

ಮಾರ್ಚ್ 3, ಭಾನುವಾರ

ಬೆಸುಗೆ. ನಮ್ಮ ಕಾರ್ಖಾನೆಯ ವೆಲ್ಡರ್ ಮೂವತ್ತರ ಹುಡುಗಿ, ಮಾತು ಕಡಿಮೆ, ಕೈ ಗಟ್ಟಿ. ರಜೆಯ ದಿನವಾದರೂ ಬಂದಳು. ಉಕ್ಕಿನ ಪಟ್ಟಿಯನ್ನು ಒಡಲಿನ ಮೇಲೆ ಕೂರಿಸಿದಾಗ ಎರಡರ ನಡುವೆ ಕಾಗದ ತೂರುತ್ತಿರಲಿಲ್ಲ. ಅಷ್ಟು ನುಣ್ಣಗೆ ಕೆತ್ತಿದ್ದೆ ಎರಡನ್ನೂ.

"ಸರ್, ನಡುವಿಂದ ತುಂಬಿಸ್ಕೊಂಡು ಬರೋಣ. ಅಂಚೆಲ್ಲ ಓರೆ ಕೆತ್ತಿಕೊಡಿ."

"ಬೇಡ. ಅಷ್ಟು ಕಾಯಿಸಿದ್ರೆ ಪಟ್ಟಿ ಡೊಂಕಾಗುತ್ತೆ. ಸುತ್ತ ಹಾಕು ಸಾಕು."

"ನಡುವೆ ಹಿಡ್ಕೊಳ್ಳಲ್ಲ ಸರ್."

"ಅಷ್ಟು ಚಪ್ಪಟೆ ಇದೆ, ಎಲ್ಲಿಗೆ ಹೋಗುತ್ತೆ?"

ಅವಳು ಮುಖವಾಡ ಇಳಿಸಿಕೊಂಡು ಸುತ್ತ ಹಾಕಿದಳು. ಪಟ್ಟಿ ಒಂದಿಷ್ಟೂ ಬಾಗಲಿಲ್ಲ.

ಮಾರ್ಚ್ 6, ಬುಧವಾರ

ಬೇರಿಂಗಿನ ಉಕ್ಕಿನ ಗುಂಡೊಂದನ್ನು ಒಂದು ಗೇಣು ಮೇಲಿಂದ ಬಿಟ್ಟು ನೋಡಿದೆ. ಒಳ್ಳೆಯ ಅಡಿಗಲ್ಲಾದರೆ ಅದು ಹತ್ತಿರ ಹತ್ತಿರ ಬಿಟ್ಟ ಎತ್ತರಕ್ಕೇ ಪುಟಿಯಬೇಕು. ಏಟಿನ ಬಲ ಹಾಗೆ ವಾಪಸ್ ಬಂದರೇ ಬಡಿಯುವವರ ತೋಳಿಗೆ ಅರ್ಧ ದಣಿವು. ಅಂಚಿನಲ್ಲಿ ಮುಕ್ಕಾಲು ಗೇಣು ಪುಟಿಯಿತು. ನಡುವೆ ಕಾಲು ಗೇಣೂ ಇಲ್ಲ. ಟಿಣ್ ಅನ್ನಬೇಕಾದದ್ದು ಟೊಪ್ ಅಂದಿತು.

ಹುಡುಗಿ ಹೇಳಿದ್ದೇ ಸರಿ. ಪಟ್ಟಿ ಮತ್ತು ಒಡಲು ನಡುವೆ ಎಲ್ಲೂ ಒಂದಾಗಿಲ್ಲ. ಸುತ್ತ ಅಂಟಿಕೊಂಡಿದೆ, ಒಳಗೆ ಬೇರೆ ಬೇರೆ. ಇಪ್ಪತ್ತು ಸಲ ಗುಂಡು ಬಿಟ್ಟೆ, ಇಪ್ಪತ್ತೊಂದನೇ ಸಲ ಬೇರೆ ಉತ್ತರ ಬರುತ್ತದೇನೋ ಎಂಬ ಹಾಗೆ.

ಮಾರ್ಚ್ 8, ಶುಕ್ರವಾರ

ಬೆಸುಗೆ ಕತ್ತರಿಸಿ ಪಟ್ಟಿ ಕಿತ್ತೆ. ಒಂದು ತಿಂಗಳು ನೀರಿಗೆ ಹಾಕಿದ ಹಾಗಾಯಿತು. ಮಷೀನಿನ ಪಕ್ಕದ ಸ್ಟೂಲಿನ ಮೇಲೆ ಕೂತವನು ಶಿಫ್ಟಿನ ಗಂಟೆ ಬಾರಿಸಿದರೂ ಏಳಲಿಲ್ಲ. ಸೂಪರ್‌ವೈಸರ್ ಬಂದು ಹುಷಾರಿಲ್ಲವೇ ಎಂದು ಕೇಳಿದ. ಹುಷಾರಾಗಿದ್ದೇನೆ, ಸಾಕಾಗಿದೆ ಅಂದೆ.

ಇನ್ನೊಂದು ತಲೆನೋವು. ಪಟ್ಟಿ ಕೂರಿಸಿದ ಮೇಲೆ ಇಡಿಯಾಗಿ ಕಾಯಿಸಿ ನೀರಿಗೋ ಎಣ್ಣೆಗೋ ಅದ್ದಿ ಹದ ಕೊಡಬೇಕು. ಎಷ್ಟು ಡಿಗ್ರಿಗೆ? ಉಕ್ಕಿನ ಜಾತಿಯೇ ಗೊತ್ತಿಲ್ಲದ ಮೇಲೆ ಪುಸ್ತಕದ ಕೋಷ್ಟಕ ಏನು ಹೇಳೀತು. ತಪ್ಪಿದರೆ ಪಟ್ಟಿ ಬಿರುಕು ಬಿಡುತ್ತದೆ, ಇಲ್ಲವೇ ಮೆತ್ತಗೇ ಉಳಿಯುತ್ತದೆ. ಉಕ್ಕನ್ನು ನೋಡಿ ಹೇಳಬಲ್ಲವರು ನನಗೆ ಗೊತ್ತಿರುವಂತೆ ಒಬ್ಬರೇ. ಅವರ ಹತ್ತಿರ ಹೋಗಲು ಮುಖವಿಲ್ಲ.

ಮಾರ್ಚ್ 10, ಭಾನುವಾರ

ಹೋದೆ. ಫೋರ್ಕಿನ ಮೂರು ಸಣ್ಣ ತುಂಡುಗಳನ್ನು ಜೇಬಿನಲ್ಲಿ ಹಾಕಿಕೊಂಡು ಹೋದೆ.

ಅಕ್ಕ ಒಂದು ತುಂಡನ್ನು ಸಾಣೆಗೆ ಹಿಡಿದು ಕಿಡಿ ನೋಡಿದಳು. ಆಮೇಲೆ ತಿದಿ ಒತ್ತಿ ಮೂರನ್ನೂ ಬೆಂಕಿಗಿಟ್ಟಳು. ಬಾಗಿಲ ಬಳಿ ನಿಂತವನನ್ನು ಒಳಗೆ ಬಾ ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ಮೊದಲ ತುಂಡನ್ನು ಬೇಗ ತೆಗೆದಳು, ಎರಡನೆಯದನ್ನು ಸ್ವಲ್ಪ ತಡೆದು, ಮೂರನೆಯದನ್ನು ಹಳದಿಗೆ ತಿರುಗುವವರೆಗೂ ಬಿಟ್ಟಳು. ಮೂರನ್ನೂ ಎಣ್ಣೆಗೆ ಅದ್ದಿ, ಒಂದೊಂದಾಗಿ ಇಕ್ಕಳದಲ್ಲಿ ಹಿಡಿದು ಸುತ್ತಿಗೆಯಿಂದ ಮುರಿದಳು. ಮೊದಲನೆಯದು ಮುರಿಯದೆ ಬಗ್ಗಿತು. ಮೂರನೆಯದು ಪಟ್ಟನೆ ಮುರಿಯಿತು, ಒಳಗೆಲ್ಲ ದಪ್ಪ ರವೆಯಂತೆ. ನಡುವಿನದು ಹಟ ಮಾಡಿ ಮುರಿಯಿತು. ಅದರ ಒಡಕು ಬೂದಿಯಷ್ಟು ನುಣ್ಣಗಿತ್ತು.

"ಇದು," ಎಂದು ನನ್ನ ಅಂಗೈಯಲ್ಲಿಟ್ಟಳು.

"ಎಷ್ಟು ಡಿಗ್ರಿ ಇರಬಹುದಕ್ಕ?"

"ನಂಬರ್ ನನಗೇನು ಗೊತ್ತು. ಅಯಸ್ಕಾಂತ ಹಿಡಿಯೋದು ಬಿಡುತ್ತಲ್ಲ, ಅಲ್ಲಿಂದ ಇನ್ನೊಂದು ಚೂರು ಮೇಲೆ. ಮಾಗಿದ ಟೊಮೇಟೊ ಬಣ್ಣ. ಹೊಳಪು ಬರೋಕೆ ಬಿಡಬಾರದು. ಬಾಗಿಲು ಮುಚ್ಚಿ ಕತ್ತಲು ಮಾಡ್ಕೊಂಡು ನೋಡಬೇಕು."

ನಾನು ಅದನ್ನು ಚೀಟಿಯಲ್ಲಿ ಬರೆದುಕೊಳ್ಳುತ್ತಿದ್ದೆ. ಅವಳು ಹಾಗೇ ನನ್ನನ್ನು ನೋಡುತ್ತಿದ್ದಳು.

"ಹೊಸದರಲ್ಲಿ ತಗ್ಗು ಇರಲ್ಲ ಅಲ್ವಾ?"

"ಇಲ್ಲಕ್ಕ. ಎರಡು ಶತಾಂಶದೊಳಗೆ ಸಪಾಟು."

"ಡೊಂಕಾದ ಉಳೀನ ನೆಟ್ಟಗೆ ಮಾಡ್ತಿದ್ದದ್ದು ಆ ತಗ್ಗಲ್ಲೇ. ಸಪಾಟಾದ ಕಡೆ ಬಡಿದ್ರೆ ಡೊಂಕು ಹೋಗಲ್ಲ." ಬೆಂಕಿಯ ಕೆಂಡವನ್ನು ಒಟ್ಟುಮಾಡುತ್ತಾ ಹೇಳಿದಳು. "ನಾನು ಈ ಮನೆಗೆ ಬಂದಾಗ ಅದೂ ಸಪಾಟೇ ಇತ್ತು. ಅವರದು ಕೈಸುತ್ತಿಗೆ, ನನ್ನದು ಚಮ್ಮಟಿಗೆ. ಅವರು ತೋರಿಸಿದ ಕಡೆ ನಾನು ಹೊಡೀಬೇಕು. ಇಬ್ಬರೂ ಮೂವತ್ತು ವರ್ಷ ಬಡಿದಿದ್ದಕ್ಕೆ ಆಗಿದ್ದು ಆ ತಗ್ಗು. ಅವರು ಹೋದ ಮೇಲೆ ಬೆಳಗ್ಗೆ ಬಂದು ಅದರ ಮೇಲೊಂದು ಸಲ ಕೈಯಾಡಿಸಿ ಕೆಲಸ ಶುರು ಮಾಡ್ತಿದ್ದೆ. ನೀನು ಒಂದು ಭಾನುವಾರದಲ್ಲಿ ಒರೆಸಿ ಹಾಕಿದೆ."

ಅವಳ ದನಿ ಏರಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ತುಂಡುಗಳನ್ನು ಜೇಬಿಗೆ ಹಾಕಿಕೊಂಡು, ಹೊರಡ್ತೀನಕ್ಕ ಅಂದೆ. ಒಲೆಯಂಚಿಗೆ ಬಿದ್ದಿದ್ದ ತುಂಡೊಂದು ಬಿಸಿ ಇತ್ತು, ಕೈಗೆ ತಿಳಿಯಲೇ ಇಲ್ಲ. ಜೇಬು ಸುಟ್ಟು ತೂತಾಗಿದೆ.

ಮಾರ್ಚ್ 11, ಸೋಮವಾರ

ಮೂವತ್ತು ವರ್ಷಕ್ಕೆ ಏಳು ಮಿಲಿಮೀಟರ್. ವರ್ಷಕ್ಕೆ ಕಾಲು ಮಿಲಿಮೀಟರೂ ಬೀಳುವುದಿಲ್ಲ. ಈ ಲೆಕ್ಕ ಹಾಕಬಾರದಿತ್ತು. ಇವತ್ತು ಕಾರ್ಖಾನೆಯಲ್ಲಿ ನನ್ನ ಮಷೀನು ಅಷ್ಟನ್ನು ಎರಡು ನಿಮಿಷದಲ್ಲಿ ಕೆತ್ತುವುದನ್ನು ದಿನವಿಡೀ ನೋಡುತ್ತಾ ನಿಂತಿದ್ದೆ.

ಜೇಬಿನ ತೂತಿಗೆ ತೇಪೆ ಹಾಕುತ್ತಾ ಹೆಂಡತಿ, "ಏನಂದ್ರು ಅಕ್ಕ?" ಅಂದಳು. ಟೊಮೇಟೊ ಬಣ್ಣಕ್ಕೆ ಕಾಯಿಸಬೇಕಂತೆ ಅಂದೆ. ಅವಳು ಸೂಜಿಯನ್ನು ಬಾಯಲ್ಲಿ ಕಚ್ಚಿಕೊಂಡು ನನ್ನ ಮುಖವನ್ನೇ ನೋಡಿದಳು. ಉಳಿದದ್ದನ್ನೂ ಹೇಳಿದೆ. ಹೇಳುವಷ್ಟರಲ್ಲಿ ಸಾಕುಸಾಕಾಯಿತು.

ಮಾರ್ಚ್ 17, ಭಾನುವಾರ

ವೆಲ್ಡರ್ ಹುಡುಗಿಯ ಹತ್ತಿರ ಹೋಗಿ, ನೀನು ಹೇಳಿದ ಹಾಗೇ ಮಾಡೋಣ, ನನ್ನದೇ ಹಟವಾಯಿತು ಅಂದೆ. ಅವಳು ನಕ್ಕು, "ಪಟ್ಟಿ ಡೊಂಕಾಗುತ್ತೆ ಸರ್, ಆಮೇಲೆ ಬೈಬಾರದು," ಅಂದಳು. ಆಗಲಿ ಅಂದೆ.

ವಾರದ ಬೆಳಗ್ಗೆಗಳಲ್ಲಿ ಒಡಲಿನ ತಲೆಯನ್ನೂ ಪಟ್ಟಿಯ ತಳವನ್ನೂ ಓರೆ ಕೆತ್ತಿಟ್ಟಿದ್ದೆ. ಅಷ್ಟು ನುಣ್ಣಗೆ ಮಾಡಿದ್ದ ಮೈಯನ್ನು ನಾನೇ ಕೈಯಾರೆ ಹಾಳು ಮಾಡಿದ ಹಾಗಿತ್ತು. ನಡುವಿನ ಕಿರಿದಾದ ದಿಂಡಿನ ಮೇಲೆ ಮಾತ್ರ ಪಟ್ಟಿ ಕೂತಿತ್ತು. ಬೆಳಗಿನಿಂದ ಸಂಜೆಯವರೆಗೆ ಒಳಗಿನಿಂದ ಹೊರಕ್ಕೆ, ಪದರದ ಮೇಲೆ ಪದರ. ನಾನು ಒಂದೊಂದು ಪದರಕ್ಕೂ ಬೆಸುಗೆಯ ಕಿಟ್ಟ ಕೆರೆದು ಕೊಡುತ್ತಿದ್ದೆ. ಕಣ್ಣು ಉರಿ, ಮೊಣಕಾಲು ಸತ್ತಂತೆ. ಮಧ್ಯಾಹ್ನ ಇಬ್ಬರೂ ಮಾತಿಲ್ಲದೆ ಉಂಡೆವು.

ತಣಿದ ಮೇಲೆ ನೋಡಿದರೆ ಪಟ್ಟಿ ಒಂದೂವರೆ ಮಿಲಿಮೀಟರ್ ಬಾಗಿತ್ತು. ಗುಂಡು ಬಿಟ್ಟೆ. ನಡುವೆಯೂ ಟಿಣ್ ಅಂದಿತು. ಹುಡುಗಿ ತಾನೂ ಒಂದು ಸಲ ಬಿಟ್ಟು ನೋಡಿದಳು, ಆಮೇಲೆ ಇನ್ನೊಂದು ಸಲ.

ಮಾರ್ಚ್ 20, ಬುಧವಾರ

ಬಾಗಿದ್ದನ್ನು ಕೆತ್ತಿದೆ. ಕೈ ಎಚ್ಚರದಲ್ಲಿತ್ತು. ಪ್ರತಿ ಸುತ್ತಿಗೂ ಮಷೀನ್ ನಿಲ್ಲಿಸಿ, ಅರ ಉಜ್ಜಿ ನೋಡುತ್ತಿದ್ದೆ. ಹೆದರಿದವನ ಕೆಲಸ.

ಮಾರ್ಚ್ 24, ಭಾನುವಾರ

ಹದ ಕೊಟ್ಟೆ. ಕಾರ್ಖಾನೆಯ ಭಟ್ಟಿಯಲ್ಲಿ ಬೆಳಗ್ಗೆಯೇ ಇಟ್ಟು, ಕ್ರೇನಿನ ಕೊಂಡಿ ಸಿದ್ಧ ಮಾಡಿ, ಎಣ್ಣೆಯ ತೊಟ್ಟಿಯ ಪಕ್ಕ ಕಾದೆ. ಕಿಟಕಿಗಳಿಗೆಲ್ಲ ಗೋಣಿ ಕಟ್ಟಿ ಕತ್ತಲು ಮಾಡಿದೆ. ಅಯಸ್ಕಾಂತವನ್ನು ಕಂಬಿಯ ತುದಿಗೆ ಕಟ್ಟಿ ಆಗಾಗ ಮುಟ್ಟಿಸಿ ನೋಡುತ್ತಿದ್ದೆ. ಹಿಡಿಯುತ್ತಿತ್ತು, ಹಿಡಿಯುತ್ತಿತ್ತು, ಒಂದು ಸಲ ಹಿಡಿಯಲಿಲ್ಲ. ಆಮೇಲೆ ಬಣ್ಣವನ್ನೇ ನೋಡುತ್ತಾ ನಿಂತೆ. ಬಹಳ ಹೊತ್ತಾದ ಹಾಗಿತ್ತು. ಟೊಮೇಟೊ ಎಂದರೆ ಯಾವ ಟೊಮೇಟೊ ಎಂದು ಅಕ್ಕನನ್ನು ಕೇಳಬೇಕಿತ್ತು. ಒಂದು ಹೊತ್ತಿನಲ್ಲಿ, ಇದೇ ಅನ್ನಿಸಿತು. ಎತ್ತಿ ಅದ್ದಿದೆ. ಎಣ್ಣೆ ಹೊತ್ತಿಕೊಂಡು ಆಳೆತ್ತರ ಉರಿದು ಇಳಿಯಿತು.

ಬಿರುಕಿಲ್ಲ. ಅರ ಗಾಜಿನ ಮೇಲೆ ಜಾರಿದ ಹಾಗೆ ಜಾರುತ್ತದೆ. ಪೆಡಸು ಹೋಗಲೆಂದು ಮತ್ತೆ ಎರಡು ಗಂಟೆ ಹಗುರಾಗಿ ಕಾಯಿಸಿಟ್ಟೆ. ಅದ್ದಿದಾಗ ಭಟ್ಟಿಯ ಮೀಟರ್ ಎಷ್ಟು ಡಿಗ್ರಿ ತೋರಿಸುತ್ತಿತ್ತು ಎಂದು ಬರೆದುಕೊಳ್ಳಬೇಕು ಅಂದುಕೊಂಡಿದ್ದೆ. ನೋಡಲು ಮರೆತಿದ್ದೇನೆ.

ಮಾರ್ಚ್ 27, ಬುಧವಾರ

ಟಯರ್ ಅಂಗಡಿಯವನು ಟೇಪು ಹಿಡಿದು ಅಕ್ಕನ ಕುಲುಮೆಯನ್ನು ಅಳೆಯುತ್ತಿದ್ದ. ಒಳ್ಳೆಯ ಮನುಷ್ಯನೇ. ತಿದಿ ಇರುವ ಕಡೆ ಗಾಳಿ ತುಂಬುವ ಯಂತ್ರ ಇಡುತ್ತಾನಂತೆ. ಅಕ್ಕ ಹೊರಗೆ ಕಲ್ಲಿನ ಮೇಲೆ ಕೂತಿದ್ದಳು, ಕೈಯಲ್ಲಿ ಕೆಲಸವಿಲ್ಲದೆ. ಅವಳು ಹಾಗೆ ಕೂತಿದ್ದನ್ನು ನಾನು ನೋಡಿದ್ದು ಭಾವ ತೀರಿಕೊಂಡ ದಿನ ಮಾತ್ರ. ಕಲ್ಲು ಕೆಲಸದವನೊಬ್ಬ ಬಂದು ಆರು ಉಳಿ ಮುಂದಿಟ್ಟ. "ಬೇರೆ ಕಡೆ ಕೊಡಪ್ಪಾ, ಕಂಬಿ ಮೇಲೆ ಸರಿ ಬರಲ್ಲ," ಅಂದಳು. ಅವನು ಆರನ್ನೂ ಎತ್ತಿಕೊಂಡು ಹೋದ.

ನನಗೆ ಹೆದರಿಕೆಯಾಗುತ್ತಿದೆ. ಅಡಿಗಲ್ಲು ಚೆನ್ನಾಗಿಯೇ ಇದೆ. ಅವಳು ಬೇಡ ಅಂದರೆ ಏನು ಮಾಡುವುದು?

ಮಾರ್ಚ್ 31, ಭಾನುವಾರ

ನೂರಾ ಹತ್ತು ಕಿಲೋ. ನಾಲ್ಕು ಜನ ಹಿಡಿದು ಇಳಿಸಿ, ಮರದ ದಿಮ್ಮಿಯ ಮೇಲೆ ಕೂರಿಸಿದೆವು. ಅವರು ಹೋದ ಮೇಲೆ ನಾನು ಮತ್ತು ಅಕ್ಕ ಇಬ್ಬರೇ. ಹಳೆಯದು ಮೂಲೆಯಲ್ಲಿ ಗೋಡೆಗೆ ಒರಗಿತ್ತು, ನಾಲ್ಕು ಕುಳಿಯ ಸಮೇತ.

ಅಕ್ಕ ಸುತ್ತ ಬಂದಳು. ಕೊಂಬನ್ನು ಮುಟ್ಟಿದಳು. ಚೌಕ ತೂತಿನೊಳಗೆ ಬೆರಳು ಹಾಕಿ ಮೂಲೆ ಮೂಲೆ ಸವರಿದಳು. ಬರಿಯ ಸುತ್ತಿಗೆಯಿಂದ ನಡುವೆ ಒಂದು ಸಲ ಮೆಲ್ಲಗೆ ಕುಟ್ಟಿ, ಅದು ತಾನಾಗಿ ಪುಟಿದು ನಿಲ್ಲುವವರೆಗೂ ಕೈ ಸಡಿಲ ಬಿಟ್ಟಳು. ಆಮೇಲೆ ಅಂಚಿನ ಮೇಲೆ ಹೆಬ್ಬೆರಳು ಎಳೆದು, ನನ್ನತ್ತ ತಿರುಗಿಸಿ ತೋರಿಸಿದಳು. ರಕ್ತ ಬಂದಿತ್ತು.

"ಅಡಿಗಲ್ಲು ಮಾಡಿದೀಯೋ, ಕತ್ತಿ ಮಾಡಿದೀಯೋ? ಇಷ್ಟು ಚೂಪಂಚಿನ ಮೇಲೆ ಬಡಿದ್ರೆ ಕಾದ ಕಬ್ಬಿಣ ಕುಯ್ದುಹೋಗುತ್ತೆ. ಆ ಗ್ರೈಂಡರ್ ತಾ."

ಆ ಅಂಚುಗಳಿಗೆ ನಾನು ಎರಡು ಬೆಳಗ್ಗೆ ಕೊಟ್ಟಿದ್ದೆ. ತೊಂಬತ್ತು ಡಿಗ್ರಿಗೆ ಕೂದಲಷ್ಟೂ ಹೆಚ್ಚು ಕಡಿಮೆ ಇರಲಿಲ್ಲ. ಅಕ್ಕ ಗ್ರೈಂಡರ್ ಹಿಡಿದು, ಅಳತೆಯಿಲ್ಲ ಗೆರೆಯಿಲ್ಲ, ಕಣ್ಣಂದಾಜಿನಲ್ಲಿ ಅವನ್ನು ಉರುಟು ಮಾಡತೊಡಗಿದಳು. ಕಿಡಿ ನನ್ನ ಕಾಲಮೇಲೆಲ್ಲ ಬೀಳುತ್ತಿತ್ತು. ಸದ್ದಿಗೆ ಕಿವಿ ಗಡಚಿಕ್ಕುತ್ತಿತ್ತು. ಆ ಸದ್ದಿನೊಳಗೆ ನಾನು ಹೇಳಿದೆ. ಸದ್ದು ಇದ್ದದ್ದಕ್ಕೇ ಹೇಳಿದೆ.

ಅಕ್ಕ ಗ್ರೈಂಡರ್ ಆರಿಸಿದಳು.

"ಏನಂದೆ?"

"ಏನಿಲ್ಲ."

"ಏನೋ ಅಂದೆ."

"ತಪ್ಪಾಯ್ತು ಅಂದೆ ಅಕ್ಕ. ಹೊಟ್ಟೆಗೆ ಹಾಕ್ಕೋ."

ಅವಳು ಸೆರಗಿನಿಂದ ಮುಖದ ಧೂಳು ಒರೆಸಿಕೊಂಡಳು. ಅಷ್ಟು ಹೊತ್ತು ಯಾಕೆ ಒರೆಸಿಕೊಂಡಳೋ. ಆಮೇಲೆ ಮೂಲೆಯತ್ತ ಗದ್ದ ತೋರಿಸಿ, "ನನಗೊಬ್ಬಳಿಗಲ್ಲ. ಅವರಿಗೂ ಹೇಳು," ಅಂದಳು.

ನಾನು ನಲವತ್ತೊಂಬತ್ತು ವರ್ಷದ ಮನುಷ್ಯ. ಕಬ್ಬಿಣದ ಮುಂದೆ ಹೋಗಿ ನಿಂತೆ. ಕೂರಬೇಕೋ ನಿಲ್ಲಬೇಕೋ ತಿಳಿಯದೆ ಮೊಣಕಾಲೂರಿ ಕೂತೆ. "ಭಾವ, ತಪ್ಪಾಯ್ತು. ಕೇಳದೆ ಕೈಹಾಕಿದೆ," ಅಂದೆ. ಇನ್ನೂ ಏನೋ ಹೇಳುವುದಿತ್ತು, ಆಗಲಿಲ್ಲ, ಅಳು ಬಂದುಬಿಟ್ಟಿತು. ಭಾವ ಹೋದಾಗಲೂ ನಾನು ಅತ್ತಿರಲಿಲ್ಲ. ಆವತ್ತು ಟೆಂಪೋ ಕರೆಸುವುದು, ಜನಕ್ಕೆ ಕುರ್ಚಿ ಹಾಕಿಸುವುದು ಎಂದು ಓಡಾಡಿಕೊಂಡಿದ್ದೆ.

ಹಿಂದೆ ತಿದಿಯ ಸದ್ದು ಕೇಳಿತು. ಅಕ್ಕ ಬೆಂಕಿ ಎಬ್ಬಿಸುತ್ತಿದ್ದಳು.

"ಸಾಕು ಏಳು. ಚಮ್ಮಟಿಗೆ ತಗೋ. ನಾನು ತೋರಿಸಿದ ಕಡೆ ಹೊಡಿ, ಬೇರೆ ಕಡೆ ಹೊಡೆದ್ರೆ ಕೈ ಮುರೀತೀನಿ."

ಒಲೆಯಲ್ಲಿದ್ದದ್ದು ದಪ್ಪ ಸರಳು, ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ಆರು ವರ್ಷದಿಂದ ಅಂಥದ್ದನ್ನು ಅವಳು ಮುಟ್ಟಿಯೇ ಇರಲಿಲ್ಲವಂತೆ. ಅವಳು ಕೈಸುತ್ತಿಗೆಯಿಂದ ಟಿಕ್ ಎಂದು ಜಾಗ ತೋರಿಸುತ್ತಾಳೆ, ನಾನು ಅಲ್ಲೇ ಹೊಡೆಯಬೇಕು. ಮೊದಲನೆಯದು ಸರಿ ಬಿತ್ತು. ಎರಡನೆಯದು ಓರೆ, ಮೂರನೆಯದು ಅಡಿಗಲ್ಲಿಗೇ. ಬಗ್ಗಿ ನೋಡಿದೆ, ಒಂದು ಗೀರೂ ಬಿದ್ದಿರಲಿಲ್ಲ. "ನೋಡಿದ್ದು ಸಾಕು, ತಣಿಯುತ್ತೆ, ಹೊಡಿ," ಅಂದಳು.

ಹೊಡೆಯುತ್ತಿರುವಾಗಲೇ ಟಯರ್ ಅಂಗಡಿಯವನು ಬಾಗಿಲಲ್ಲಿ ಬಂದು ನಿಂತ.

"ಏನಮ್ಮ, ಇವತ್ತು ಹೇಳ್ತೀನಿ ಅಂದಿದ್ರಿ."

"ಕೆಲಸ ನಡೀತಿದೆಯಲ್ಲಪ್ಪ, ಕಾಣ್ತಿಲ್ವಾ?" ಅಕ್ಕ ತಲೆಯೆತ್ತದೆ ಹೇಳಿ, ಸುತ್ತಿಗೆಯಿಂದ ನನಗೆ ಮುಂದಿನ ಜಾಗ ತೋರಿಸಿದಳು.

ಅಡಿಗಲ್ಲು ಹೇಗಿದೆ ಎಂದು ಅವಳು ಹೇಳಲಿಲ್ಲ. ನನಗೂ ಕೇಳಲು ನೆನಪಾಗಲಿಲ್ಲ. ನಾಳೆಯಿಂದ ಶಿಫ್ಟಿಗೆ ಮೊದಲು ಬರಬೇಕಂತೆ, ಆರು ಗಂಟೆಗೆ, ಆರೂ ಐದಕ್ಕಲ್ಲ. ತೋಳೆರಡೂ ಬಿದ್ದುಹೋಗಿವೆ. ಅಂಗೈಯಲ್ಲಿ ಬೊಬ್ಬೆ ಎದ್ದು ಪೆನ್ನು ಹಿಡಿದರೆ ಉರಿಯುತ್ತದೆ. ಅಕ್ಷರಗಳು ಗೆರೆ ಬಿಟ್ಟು ಮೇಲಕ್ಕೂ ಕೆಳಕ್ಕೂ ಹೋಗುತ್ತಿವೆ. ಹೋಗಲಿ.